ಚಾವಣಿಗಿಂತ ಮೊದಲು ಮಗಳ ತಟ್ಟೆ

ಪೆರು ದೇಶದ ಲಿಮಾ ನಗರದ ಅಂಚಿನ ನಮ್ಮ ಗುಡ್ಡದಲ್ಲಿ ಕಟ್ಟಿ ಮುಗಿಸಿದ ಮನೆ ಅಂತ ಒಂದೂ ಇಲ್ಲ. ಕೆಳಗೆ ಸಂಸಾರ, ಮೇಲೆ ಆಕಾಶಕ್ಕೆ ನೆಟ್ಟಗೆ ನಿಂತ ಕಂಬಿಗಳು. "ಇನ್ನೊಂದು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟರೆ ಆಯಿತು, ಆಮೇಲೆ ಕಾಲು ಚಾಚಿ ಕೂರುತ್ತೇನೆ" ಎಂದು ಹೇಳದ ಗಂಡಸಿಲ್ಲ. ಹಾಗೆ ಕೂತವನನ್ನು ಮಾತ್ರ ಈವರೆಗೆ ಯಾರೂ ಕಂಡಿಲ್ಲ.

ಮಿನಿಬಸ್ ಓಡಿಸುವ ಸೆವೆರೊನದೂ ಅದೇ ಮಾತು. ಅವನ ಅಪ್ಪ ಮಾರುಕಟ್ಟೆಯಲ್ಲಿ ಆಲೂಗಡ್ಡೆ ಮೂಟೆ ಹೊರುತ್ತಿದ್ದಾಗಲೇ ಕುಸಿದು ಸತ್ತಿದ್ದ. ಅದನ್ನು ಕಣ್ಣಾರೆ ಕಂಡ ಸೆವೆರೊ, ಐವತ್ತು ತುಂಬಿದ ದಿನ ಸ್ಟೇರಿಂಗ್ ಬಿಟ್ಟೇ ಬಿಡುತ್ತೇನೆ ಎಂದು ಹಟ ಹಿಡಿದಿದ್ದ. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಆ ಆಸೆಗೆ ಬೇಕಾದ ಸಿಮೆಂಟು ಬರುತ್ತಿದ್ದದ್ದು ಹೆಂಡತಿ ಮಗಳ ಹೊಟ್ಟೆಯಿಂದ. ಅದನ್ನು ಮಿತವ್ಯಯ ಅನ್ನುವವರ ಬಾಯಿಗೆ ಇಷ್ಟು ಮಣ್ಣು ಹಾಕಬೇಕು!

ಹೆಂಡತಿ ನೆಲಿದಾ ಬೆಳಗಾದರೆ ಬಸ್ ನಿಲ್ದಾಣದಲ್ಲಿ ಬಿಸಿ ಬಿಸಿ ಕಿನೋವಾ ಧಾನ್ಯದ ಗಂಜಿ ಮಾರುತ್ತಿದ್ದಳು. ಊರಿನ ಮಕ್ಕಳೆಲ್ಲ ಕುಡಿದು ಗುಂಡಗುಂಡಗೆ ಆಗುತ್ತಿದ್ದರು. ತನ್ನ ನಾಲ್ಕು ವರ್ಷದ ಯಾನೆಲಾಗೆ ಅದರಲ್ಲಿ ಒಂದು ಲೋಟ ತೆಗೆದಿಟ್ಟರೆ ಸೆವೆರೊ ಮುಖ ಗಂಟಿಕ್ಕುತ್ತಿದ್ದ.

"ಮಾರಿದ್ರೆ ದುಡ್ಡಲ್ವೇನೆ ಅದು? ಅವಳಿಗೆ ಟೀ ಬ್ರೆಡ್ಡು ಸಾಕು. ನಾವೆಲ್ಲ ಅದನ್ನೇ ತಿಂದು ಬೆಳೆದಿದ್ದು, ಸತ್ತೋದ್ವಾ?"

ನೆಲಿದಾ ಸುಮ್ಮನಾಗುತ್ತಿದ್ದಳು. ಮಧ್ಯಾಹ್ನ ನೀರು ನೀರಾದ ಶಾವಿಗೆ ಸಾರು, ರಾತ್ರಿ ಮತ್ತೆ ಟೀ. ಗುಡ್ಡದ ಕೆಳಗಿನ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ತಪಾಸಣೆ ಇದೆ ಎಂದರೆ, "ಆಟೋಗೆ ಯಾಕೆ ದಂಡ ತೆರೋದು? ಮಗು ಜ್ವರದಲ್ಲಿ ಬಿದ್ದಿದ್ಯಾ?" ಎನ್ನುತ್ತಿದ್ದ. ಅದಕ್ಕೂ ಅವಳು ಸುಮ್ಮನಾದಳು. ಯಾನೆಲಾ ಆಡುತ್ತಿದ್ದವಳು ಆಡುತ್ತಲೇ ಒರಗಿ ನಿದ್ದೆ ಹೋಗುತ್ತಿದ್ದಳು. ಹಟವಿಲ್ಲ, ಗಲಾಟೆಯಿಲ್ಲ, ಎಂಥ ಒಳ್ಳೆಯ ಮಗು ಎಂದು ಅಕ್ಕಪಕ್ಕದವರೂ ಹೊಗಳಿದ್ದೇ ಹೊಗಳಿದ್ದು.

ಅಷ್ಟರಲ್ಲಿ ಮೂರನೇ ಅಂತಸ್ತಿನ ಚಾವಣಿ ಹಾಕುವ ದಿನ ಬಂತು. ನಮ್ಮಲ್ಲಿ ಚಾವಣಿ ಎಂದರೆ ಮದುವೆಗೆ ಕಡಿಮೆಯಿಲ್ಲ. ನೆಂಟರಿಷ್ಟರೆಲ್ಲ ಬಾಂಡ್ಲಿ ಹೊರಲು ಬರುತ್ತಾರೆ. ಬಂದವರಿಗೆ ಇಡೀ ಹಂದಿ ಬೇಯಬೇಕು, ಬಿಯರ್ ಹರಿಯಬೇಕು. ಊಟದಲ್ಲಿ ಕೈ ಬಿಗಿ ಮಾಡಿದರೆ ಚಾವಣಿ ಬಿರುಕು ಬಿಡುತ್ತದಂತೆ. ಮಗಳಿಗೆ ಮೊಟ್ಟೆ ದಂಡ ಎನ್ನುತ್ತಿದ್ದ ಸೆವೆರೊ, ಶನಿವಾರದ ಊಟಕ್ಕೆ ಹಂದಿ ಗೊತ್ತು ಮಾಡಿ ಬಂದ.

ಅಡುಗೆಯ ಏರ್ಪಾಡು ಮಾತಾಡಲು ಒಲಿಂದಾ ಬಂದಳು. ಗುಡ್ಡದವರೆಲ್ಲ ಸೇರಿ ನಡೆಸುವ ಸಾಮೂಹಿಕ ಅಡುಗೆಮನೆ ಅವಳ ಉಸ್ತುವಾರಿಯಲ್ಲಿತ್ತು. ಚರ್ಚಿನಲ್ಲಿ ಯಾನೆಲಾಳ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳೂ ಅವಳೇ. ಆ ನಂಟಿನಿಂದ ಅವಳನ್ನು ಈ ಮನೆಯಲ್ಲಿ 'ಕೊಮಾದ್ರೆ' ಎಂದೇ ಕರೆಯುವುದು.

"ಎಲ್ಲೇ ನನ್ ಮಗಳು?" ಎನ್ನುತ್ತ ಒಲಿಂದಾ ಸಿಮೆಂಟು ಮೂಟೆಗಳ ಹಿಂದೆ ಬಗ್ಗಿ ನೋಡಿದವಳು ಅಲ್ಲೇ ನಿಂತುಬಿಟ್ಟಳು. ಯಾನೆಲಾ ಗಿಲಾವು ಕಾಣದ ಗೋಡೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಕೆರೆದ ಪುಡಿಯನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸುತ್ತಿದ್ದಳು.

"ಅಯ್ಯೋ, ನೆಲಿದಾ! ಮಗು ಇಟ್ಟಿಗೆ ತಿಂತಿದ್ಯಲ್ಲೇ!"

ನೆಲಿದಾಗೆ ನಾಚಿಕೆಯಾಯಿತು. "ಅದೊಂದು ಕೆಟ್ಟ ಚಾಳಿ ಕೊಮಾದ್ರೆ. ಬೆರಳಿಗೆ ಖಾರ ಹಚ್ಚಿದೆ, ಎರಡೇಟು ಕೊಟ್ಟೆ. ಬಿಡಲ್ಲ."

"ಹೊಡೆದ್ಯಾ? ಪಾಪಿ, ಇದು ಚಾಳಿ ಅಲ್ವೇ!" ಒಲಿಂದಾ ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಳು. "ನೋಡು ಇಲ್ಲಿ. ಕೆಂಪಗಿರಬೇಕಾದ್ದು ಹೆಂಗೆ ಬಿಳಿಚಿಕೊಂಡಿದೆ. ನನ್ ಮೊಮ್ಮಗಂಗೂ ಹಿಂಗೇ ಆಗಿತ್ತು. ಮೈಯಲ್ಲಿ ರಕ್ತ ಕಮ್ಮಿಯಾದ್ರೆ ಕೆಲವು ಮಕ್ಕಳು ಮಣ್ಣು ತಿಂತವೆ, ಸುಣ್ಣ ತಿಂತವೆ. ನಡಿ, ಈಗ್ಲೇ ಕೆಳಗೆ ಹೋಗಣ."

"ಸೆವೆರೊ ಬೈತಾನೆ..."

"ಬೈಲಿ. ಬೈಗುಳ ಮೈಗಂಟಲ್ಲ."

ಆರೋಗ್ಯ ಕೇಂದ್ರದಲ್ಲಿ ನರ್ಸ್ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡಿದಳು. "ರಕ್ತ ತುಂಬಾ ಕಮ್ಮಿ ಇದೆ ಅಮ್ಮ. ಹಿಂಗೇ ಬಿಟ್ರೆ ಮಗು ಸೊರಗೋದಷ್ಟೇ ಅಲ್ಲ, ಕಲಿಯೋ ಬುದ್ಧಿಗೂ ಪೆಟ್ಟು. ದಿನಾ ಈ ಕಬ್ಬಿಣಾಂಶದ ಔಷಧಿ ಹಾಕಿ, ಚೆನ್ನಾಗಿ ಕಂಡ್ರೂ ನಾವು ಹೇಳೋವರೆಗೂ ನಿಲ್ಲಿಸ್ಬೇಡಿ. ಊಟದ ಜೊತೆ ಟೀ ಖಂಡಿತ ಬೇಡ, ತಿಂದಿದ್ದರ ಸಾರ ಮೈಗೆ ಹತ್ತಕ್ಕೆ ಬಿಡಲ್ಲ ಅದು."

ನೆಲಿದಾ ಹೆದರುತ್ತಲೇ ಶಾಲಿನಂಚಿನ ಚಿಲ್ಲರೆ ಗಂಟಿಗೆ ಕೈ ಹಾಕಿದಳು. "ಎಷ್ಟಾಯ್ತು?"

"ದುಡ್ಡಿಲ್ಲ ಅಮ್ಮ. ಪುಕ್ಕಟೆ. ಯಾವಾಗ ಬಂದಿದ್ರೂ ಪುಕ್ಕಟೆನೇ ಸಿಗ್ತಿತ್ತು."

ಆ ಮಾತು ಕೇಳಿ ನೆಲಿದಾಗೆ ಮೈಯೆಲ್ಲ ಉರಿದುಹೋಯಿತು. ಆಟೋ ದುಡ್ಡು ಉಳಿಸಲು ಹೋಗಿ ಮಗಳ ರಕ್ತ ಕಳೆದಿದ್ದರು! ಗಂಡನ ಮೇಲೆ ಸಿಟ್ಟು ಬಂತು. ಸುಮ್ಮನಿದ್ದ ತನ್ನ ಬಾಯಿಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಗುಡ್ಡ ಹತ್ತುವಾಗ ಒಲಿಂದಾ ಏನೇನೋ ಸಮಾಧಾನ ಹೇಳಿದಳು. ಇವಳ ಕಿವಿಗೆ ಒಂದೂ ಬೀಳಲಿಲ್ಲ.

ಮನೆಯಲ್ಲಿ ಸೆವೆರೊ ಮೇಸ್ತ್ರಿ ಕಿರಿನೊ ಜೊತೆ ನಿಂತು ಕಂಬಿ ಎಣಿಸುತ್ತಿದ್ದ.

"ಶನಿವಾರ ಚಾವಣಿ ಹಾಕಲ್ಲ," ಎಂದಳು ನೆಲಿದಾ.

"ಏನಂದೆ?"

"ಕಿವಿ ಕೇಳಲ್ವಾ? ಚಾವಣಿ ಇಲ್ಲ, ಹಂದಿ ಇಲ್ಲ, ಬಿಯರ್ ಇಲ್ಲ. ಮಗಳ ಮೈಯಲ್ಲಿ ರಕ್ತ ಇಲ್ಲ ಸೆವೆರೊ! ನಿನ್ ಗೋಡೆ ಕೆರೆದು ತಿಂತಿದಾಳೆ!"

ಕಿರಿನೊ ವಾತಾವರಣ ತಿಳಿ ಮಾಡಲು ಹಲ್ಲು ಕಿರಿದ. "ಹಂದಿ ಕಡೀದೆ ಇದ್ರೆ ಚಾವಣಿ ಬಿರಿಯುತ್ತೆ ಕಣಕ್ಕಾ."

"ಬಿರಿಯಲಿ! ಬಂದೋರಿಗೆಲ್ಲ ಹಂದಿಮಾಂಸ, ಹೆತ್ತ ಮಗಳಿಗೆ ಟೀ ನೀರು. ಇದ್ಯಾವ ಸೀಮೆ ನ್ಯಾಯನಪ್ಪಾ?"

ಕಿರಿನೊ ತನ್ನ ಅಳತೆ ಪಟ್ಟಿ ಜೇಬಿಗೆ ಸೇರಿಸಿಕೊಂಡು ಪಕ್ಕಕ್ಕೆ ಸರಿದ. ಸೆವೆರೊನಿಗೂ ರೇಗಿತು. "ನಾನು ಯಾರಿಗೋಸ್ಕರ ಸಾಯ್ತಿದೀನಿ? ನಮ್ಮಪ್ಪನ ಥರ ದುಡೀತಾ ಬಿದ್ದು ಸಾಯ್ಲಾ? ಈ ಅಂತಸ್ತು ಎದ್ರೆ ಐವತ್ತಕ್ಕೆ ಬಿಡುಗಡೆ ನಂಗೆ!"

"ನಿಂಗೆ ಐವತ್ತಕ್ಕೆ ಬಿಡುಗಡೆ. ನಂಗ್ಯಾವಾಗ? ಒಂದಿನ ಕೇಳಿದ್ಯಾ? ನನ್ ಗಂಜಿ ದುಡ್ಡೂ ಇದೇ ಇಟ್ಟಿಗೆಗೆ ಹೋಯ್ತು. ನಾನು ತಿನ್ಲಿಲ್ಲ, ಮಗೂಗೆ ತಿನ್ಸಲಿಲ್ಲ. ಈ ಲೆಕ್ಕ ಹಾಕ್ದಾಗ ನಾವಿಬ್ರೂ ಎಲ್ಲಿದ್ವಿ?"

ಇಷ್ಟು ಹೊತ್ತು ತಡೆದುಕೊಂಡಿದ್ದ ಒಲಿಂದಾ ಬಾಯಿ ಹಾಕಿದಳು.

"ಉಳಿಸ್ಬೇಡ ಅಂತ ಯಾರೂ ಅಂತಿಲ್ಲ ಸೆವೆರೊ. ಬೇಗ ವಿಶ್ರಾಂತಿ ತಗೋ, ನಂಗೂ ಖುಷಿನೇ. ಆದ್ರೆ ಕೈಗೆ ದುಡ್ಡು ಬಂದ ತಕ್ಷಣ ಮೊದಲು ಊಟ, ಔಷಧಿ, ಮಗು ಓದು ತೆಗೆದಿಡು. ಕಷ್ಟಕಾಲಕ್ಕೆ ಒಂದಿಷ್ಟು ಇಡು. ಮಿಕ್ಕಿದ್ದು ಇಟ್ಟಿಗೆಗೆ ಹಾಕು. ನೀನು ಉಲ್ಟಾ ಮಾಡ್ತಿದೀಯ, ಇಟ್ಟಿಗೆಗೆ ಹಾಕಿ ಮಿಕ್ಕಿದ್ರೆ ಹೊಟ್ಟೆಗೆ."

"ಒಳ್ಳೆ ಊಟ ಅಂದ್ರೆ ಸುಮ್ನೆ ಬರುತ್ತಾ ಕೊಮಾದ್ರೆ? ದುಬಾರಿ ಅಲ್ವಾ?"

"ಕೋಳಿ ರಕ್ತ ದುಬಾರಿನಾ? ಅಂಗಡೀಲಿ ಚಿಲ್ಲರೆ ಕಾಸಿಗೆ ಕೊಡ್ತಾರೆ. ಈರುಳ್ಳಿ ಹಾಕಿ ಚೆನ್ನಾಗಿ ಬೇಯಿಸಿ ಪಲ್ಯ ಮಾಡು. ಬೇಳೆ ಬೇಯಿಸಿ ಮೇಲೆ ನಿಂಬೆಹಣ್ಣು ಹಿಂಡು. ನಿನ್ ಹೆಂಡ್ತಿ ಮಾಡೋ ಗಂಜೀಲಿ ಒಂದು ಲೋಟ ಮೊದಲು ಮಗೂಗೆ ತೆಗೆದಿಡು. ಅಷ್ಟಕ್ಕೂ ನಿಂಗೆ ದಾರಿದ್ರ್ಯ ಬಂದಿದ್ಯಾ? ಹಂದಿ ತರೋಕೆ ದುಡ್ಡಿತ್ತಲ್ಲ!"

"ಎಲ್ರನ್ನೂ ಕರೆದಾಗಿದೆ. ಈಗ ನಿಲ್ಲಿಸಿದ್ರೆ ಜನ ಏನಂತಾರೆ?"

"ಸಿಮೆಂಟು ಮುಂದಿನ ವರ್ಷಾನೂ ಸಿಗುತ್ತೆ," ಎಂದಳು ನೆಲಿದಾ. "ಇವಳ ನಾಲ್ಕನೇ ವರ್ಷ ಇನ್ನೊಂದು ಸಲ ಸಿಗುತ್ತಾ? ಹೇಳು!"

ಈ ಜಗಳದ ನಡುವೆ ಯಾನೆಲಾ ಮತ್ತೆ ಗೋಡೆ ಕೆರೆಯುತ್ತಿದ್ದಳು. ಸೆವೆರೊ ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ತುಟಿಯ ಮೇಲೆ ಕೆಂಪು ಪುಡಿ ಅಂಟಿತ್ತು. ಬೆರಳಿನಿಂದ ಒರೆಸಿದ.

"ಯಾಕೆ ಪುಟ್ಟಾ ಇದನ್ನ ತಿಂತೀಯ?"

"ಚೆನ್ನಾಗಿದೆ ಅಪ್ಪ," ಎಂದಿತು ಮಗು. ಮುಚ್ಚಿಕೊಂಡಿದ್ದ ಮುಷ್ಟಿಯನ್ನು ಅವನ ಬಾಯಿಯ ಹತ್ತಿರ ತಂದು ಬಿಚ್ಚಿತು. "ನಿಂಗೂ ಬೇಕಾ?"

ಸೆವೆರೊ ಆ ಪುಟ್ಟ ಅಂಗೈಯನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಸತ್ತಾಗಲೂ ಅವನು ಹೀಗೆ ಅತ್ತಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಕಿರಿನೊ, ಈ ವರ್ಷ ಬೇಡ ಮಾರಾಯ," ಎಂದ.

ಶನಿವಾರ ಚಾವಣಿ ಹಾಕಲಿಲ್ಲ. ಕಿರಿನೊ ಮುಂಗಡ ವಾಪಸು ಕೊಡಲಿಲ್ಲ. ಸಿಮೆಂಟು ಗಟ್ಟಿಯಾಗುವ ಮೊದಲು ನಷ್ಟಕ್ಕೇ ಮಾರಬೇಕಾಯಿತು. ಸೆವೆರೊ ದಿವಾಳಿ ಎದ್ದ ಎಂದು ಗುಡ್ಡದ ತುಂಬ ಆಡಿಕೊಂಡರು. ಆಡಿಕೊಂಡವರ ಪೈಕಿ ಒಬ್ಬರಾದರೂ ಮಗುವಿಗೆ ಒಂದು ಮೊಟ್ಟೆ ತಂದುಕೊಟ್ಟಿದ್ದರೆ ಕೇಳಿ! ಔಷಧಿ ಹಾಕುವುದು ಅಪ್ಪನ ಕೆಲಸವಾಯಿತು. ಕೋಳಿ ರಕ್ತದ ವಾಸನೆಗೆ ಮೊದಮೊದಲು ಮೂಗು ಮುಚ್ಚುತ್ತಿದ್ದವನು ಈಗ ತಾನೇ ಬಾಣಲೆ ಹಿಡಿಯುತ್ತಾನೆ. ಯಾನೆಲಾ ಗೋಡೆಯ ತಂಟೆ ಬಿಟ್ಟಳು. ಈಗ ಹಟ ಮಾಡುತ್ತಾಳೆ, ಕಿರುಚುತ್ತಾಳೆ, ಮನೆಯ ಮೆಟ್ಟಿಲು ಹತ್ತಿ ಇಳಿದು ಎಲ್ಲರ ತಲೆ ತಿನ್ನುತ್ತಾಳೆ. ಸೆವೆರೊನ ವಿಶ್ರಾಂತಿ ಮೂರು ವರ್ಷ ಮುಂದಕ್ಕೆ ಹೋಗಿದೆ. ಅವನು ಸ್ಟೇರಿಂಗ್ ಬಿಡುವ ದಿನವೇ ತಾನೂ ಗಂಜಿ ಪಾತ್ರೆ ಕೆಳಗಿಡುತ್ತೇನೆ ಎಂದು ನೆಲಿದಾ ಖಡಾಖಂಡಿತವಾಗಿ ಹೇಳಿದ್ದಾಳೆ, ಅವನು ಒಪ್ಪಿದ್ದಾನೆ.

ಅಣ್ಣಂದಿರೇ, ಅಕ್ಕಂದಿರೇ, ನೀವೂ ಉಳಿಸಿ. ಬೇಗ ವಿಶ್ರಾಂತಿ ಬೇಕೆಂದರೆ ಧಾರಾಳವಾಗಿ ಯೋಜನೆ ಹಾಕಿ. ಆದರೆ ಮನೆಯವರನ್ನೆಲ್ಲ ಕೂರಿಸಿಕೊಂಡು, ಹೆಂಡತಿಯ ದಣಿವನ್ನೂ ಲೆಕ್ಕಕ್ಕೆ ಸೇರಿಸಿ ಹಾಕಿ. ನೆಂಟರ ಮುಂದೆ ಮೆರೆಯುವ ಊಟದಲ್ಲಿ ಉಳಿಸಿ, ಮಗುವಿನ ಊಟದಲ್ಲಿ ಬೇಡ. ನಿಮ್ಮ ಮನೆಯ ಮಗು ಬಿಳಿಚಿಕೊಂಡಿದ್ದರೆ, ಸದಾ ತೂಕಡಿಸುತ್ತಿದ್ದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ ಹೊಡೆಯಬೇಡಿ, ಬೈಯಬೇಡಿ. ಇವತ್ತೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮಗುವಿನ ಹೊಟ್ಟೆ ಕಟ್ಟಿ ಕೂಡಿಟ್ಟದ್ದು ಉಳಿತಾಯ ಅಲ್ಲ, ಕಳ್ಳತನ.