ರೇಡಿಯೇಟರಿನೊಳಗಿನ ರಾಗಿ

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಶಿವಗಂಗಮ್ಮನವರು ಕಲಿಸಿದ್ದಾರೆ. ಬರೆಯಬಾರದು ಎಂದು ಹೇಳಿಲ್ಲ. ಹಾಗಾಗಿ ಬರೆಯುತ್ತೇನೆ: ಷಡಕ್ಷರಪ್ಪ. ಅರಕಲಗೂಡಿನ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ. ಕೊಡಗಿನ ಕಡೆಯ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿಹೋದ ಹಳೆಯ ಕಾರನ್ನು ಇವರು ಮನೆಗೆ ತಂದರು. ಅಂದಿನಿಂದ ನನಗೆ ಸವತಿ ಬಂದ ಹಾಗಾಯಿತು.

ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ತಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡ ಬೆರಳಲ್ಲೇ ಕಾರಿನ ಮೂತಿಗೂ ಮೂರು ಪಟ್ಟೆ ಎಳೆಯುವರು. ಅದು ಕೆಮ್ಮಿದರೆ ಇವರಿಗೆ ನಿದ್ದೆಯಿಲ್ಲ. ನಾನು ಕೆಮ್ಮಿದರೆ ಮಗ್ಗುಲು ಬದಲಾಯಿಸುವರು. ಇಷ್ಟಾದರೂ ಅದರ ಕಾಯಿಲೆ ಏನೆಂದು ಇವರಿಗೆ ಒಂದು ದಿನವೂ ಗೊತ್ತಾಗಲಿಲ್ಲ. ನಿಂತರೆ ಪ್ಲಗ್ಗು ಎನ್ನುವರು, ಹೊರಡದಿದ್ದರೆ ಕಾರ್ಬೊರೇಟರು ಎನ್ನುವರು. ಎರಡೂ ಅಲ್ಲವೆಂದಾದರೆ ಯಾರದೋ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು ನಿವಾಳಿಸುವರು.

ಆ ವರ್ಷ ನಮ್ಮ ಮಗಳು ನೀಲಾಂಬಿಕೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದ್ದಳು. ನಮ್ಮತ್ತೆಗೆ ಅದು ಸರಿಬರಲಿಲ್ಲ. ಬಾಗೂರಿನಲ್ಲಿ ಕೊಬ್ಬರಿ ವ್ಯಾಪಾರದವರ ಮನೆಯ ಹುಡುಗನನ್ನು ಅವರು ಆಗಲೇ ನೋಡಿ ಇಟ್ಟಿದ್ದರು. ಅಮ್ಮನಿಗೂ ಮಗಳಿಗೂ ನಡುವೆ ಸಿಕ್ಕಿ ಒದ್ದಾಡಿದ ಇವರು ಕೊನೆಗೆ ಒಂದು ಮಾತು ಕೊಟ್ಟರು. ನೀಲಾ ಪಾಸಾದರೆ ಮೈಸೂರಿನಲ್ಲಿ ಕಾಲೇಜು. ಪರೀಕ್ಷೆ ತಪ್ಪಿದರೆ ಬಾಗೂರು. ಕೊಟ್ಟ ಮಾತಿಗೆ ಇವರು ಸಾಯುವತನಕ ಅಂಟಿಕೊಳ್ಳುವ ಜನ ಎಂದು ಮೂವರಿಗೂ ಗೊತ್ತಿತ್ತು. ಹುಡುಗಿ ಅಂದಿನಿಂದ ಪುಸ್ತಕ ಬಿಟ್ಟು ಮೇಲೇಳಲಿಲ್ಲ.

ಪರೀಕ್ಷೆ ಹಾಸನದಲ್ಲಿ. ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ ನಮ್ಮಕ್ಕನ ಮನೆಯಲ್ಲಿ ಉಳಿಯೋಣ ಎಂದೆ.

"ಮನೆ ಮುಂದೆ ಕಾರು ನಿಲ್ಸ್ಕೊಂಡು ನನ್ನ ಮಗಳು ಬಸ್ಸಲ್ಲಿ ಹೋಗಾದಾ? ಏನಂತ ಮಾತಾಡ್ತೀಯೇ?" ಎಂದು ಸಿಡುಕಿದರು.

ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು. ಈ ಒಂದು ಪ್ರಯಾಣಕ್ಕೆಂದೇ ಇವರು ಎರಡು ತಿಂಗಳ ಕೂಪನ್ನು ಕೂಡಿಟ್ಟಿದ್ದರು. ಅದನ್ನು ನೆನೆದು ನಾನು ಬಾಯಿ ಮುಚ್ಚಿಕೊಂಡೆ.

ಆದರೆ ಕಾರಿನ ರೇಡಿಯೇಟರು ಸೋರುತ್ತಿತ್ತು. ಹಾಸನದ ಮೆಕ್ಯಾನಿಕ್ಕೊಬ್ಬ ಇವರಿಗೆ ಹಿಂದೆಯೇ ಉಪಾಯ ಹೇಳಿದ್ದನಂತೆ: ಕಾದ ನೀರಿಗೆ ಕೋಳಿಮೊಟ್ಟೆಯ ಬಿಳಿ ಹಾಕಿದರೆ ಅದು ಬೆಂದು, ತೂತಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಇವರು ಎದ್ದು ಬಂದಿದ್ದರು. ಮೊಟ್ಟೆ ಇದ್ದ ಬೀದಿಯಲ್ಲಿ ನಡೆದರೂ ಬಂದು ಕಾಲು ತೊಳೆಯುವ ಮನುಷ್ಯ ಇವರು. ವಿಭೂತಿ ಹಚ್ಚಿದ ಕಾರಿನ ಹೊಟ್ಟೆಗೆ ಅದನ್ನು ಹಾಕಿಸುತ್ತಾರೆಯೇ?

ಪರೀಕ್ಷೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ರಾಗಿ ಹಿಟ್ಟಿನ ಡಬ್ಬ ಅರ್ಧ ಖಾಲಿ.

"ಮೊಟ್ಟೆ ಬೆಂದ್ರೆ ಗಟ್ಟಿ ಆಯ್ತದೆ ತಾನೆ? ರಾಗಿನೂ ಬೆಂದ್ರೆ ಗಟ್ಟಿ ಆಯ್ತದೆ. ಅದೇ ಕೆಲಸ, ಶುದ್ಧವಾಗಿ" ಎಂದರು ಇವರು, ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ. ನಮ್ಮತ್ತೆ ಮಗನ ಬುದ್ಧಿಗೆ ದೃಷ್ಟಿ ತೆಗೆದರು.

ಗೊರೂರು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಸೋರುವುದು ನಿಂತಿತು ಎಂದು ಇವರು ಹಾಡು ಗುನುಗತೊಡಗಿದರು. ಆಮೇಲೆ ಕಾರಿನೊಳಗೆ ಒಂದು ವಾಸನೆ ಬಂತು. ನಾನು ದಿನವೂ ಒಲೆಯ ಮುಂದೆ ಕೂರುವವಳು. ತಳ ಹಿಡಿದ ಅಂಬಲಿಯ ವಾಸನೆ ನನಗೆ ಗೊತ್ತಾಗದೆ ಇರುತ್ತದೆಯೇ? ಹೇಳಿದೆ. "ಹೊಲದ ಕಡೆಯಿಂದ ಬತ್ತಾ ಅದೆ" ಎಂದರು. ಕಟ್ಟಾಯದ ಹತ್ತಿರ ಕಾರು ದೊಡ್ಡದಾಗಿ ಒಮ್ಮೆ ನಿಟ್ಟುಸಿರು ಬಿಟ್ಟು ನಿಂತುಬಿಟ್ಟಿತು. ಮೂತಿಯಿಂದ ಹೊಗೆಯಂತೆ ಹಬೆ.

"ಪ್ಲಗ್ಗು" ಎಂದರು ಇವರು.

ರಸ್ತೆಯ ಪಕ್ಕದ ಮನೆಯಿಂದ ಪಟೇಲ ಕೆಂಪಣ್ಣ ಬಂದರು. ಅವರಿಗೂ ಒಂದು ಕಾರಿತ್ತು. ಪೆಟ್ರೋಲು ಸಿಗದೆ ಅದರ ಚಕ್ರ ಬಿಚ್ಚಿ ಕೊಟ್ಟಿಗೆಯಲ್ಲಿ ಕಲ್ಲಿನ ಮೇಲೆ ನಿಲ್ಲಿಸಿದ್ದರು. ಆದರೂ ಕಾರಿನ ಯಜಮಾನರಲ್ಲವೇ, ಇನ್ನೊಬ್ಬರ ಕಾರು ಕೆಟ್ಟು ನಿಂತದ್ದು ಕಂಡು ಅವರ ಮುಖ ಅರಳಿತ್ತು. ಒದ್ದೆ ಗೋಣಿ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಬುಸ್ಸೆಂದು ಅಂಬಲಿ ಆಳೆತ್ತರ ಹಾರಿ ಅವರ ರುಮಾಲಿನ ಮೇಲೆ ಬಿತ್ತು.

ಕೆಂಪಣ್ಣ ಬೆರಳಲ್ಲಿ ತೆಗೆದು ಮೂಸಿ ನೋಡಿದರು.

"ಉಪ್ಪು ಆಕಿದ್ರಾ ಸಾವ್ಕಾರ್ರೇ?"

ನನಗೆ ನಗು ತಡೆಯಲಾಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ನೀಲಾ ನಗಲಿಲ್ಲ. ಪುಸ್ತಕ ಮುಚ್ಚಿ ಬಿಸಿಲನ್ನು ನೋಡುತ್ತಿದ್ದಳು. ಹನ್ನೊಂದಕ್ಕೆ ಗಂಟೆ ಹೊಡೆದರೆ ಬಾಗಿಲು ಹಾಕುತ್ತಾರೆ. ಬಸ್ಸು ಹೋಗಿಯಾಗಿತ್ತು. ಎತ್ತಿನ ಗಾಡಿ ಹಾಸನ ಮುಟ್ಟುವುದರೊಳಗೆ ಪರೀಕ್ಷೆ ಮುಗಿದಿರುತ್ತದೆ.

ಕಾರು ತಣಿದ ಮೇಲೆ ರೇಡಿಯೇಟರಿನ ಅಡಿಯ ನಲ್ಲಿ ತಿರುಗಿಸಿ, ಬಾವಿಯಿಂದ ಕೊಡಗಟ್ಟಲೆ ನೀರು ಹೊಯ್ದು ತೊಳೆದರು. ಹರಿದು ಬಂದ ಅಂಬಲಿಯನ್ನು ಪಟೇಲರ ಕರು ನಿಂತು ನೆಕ್ಕಿತು. ರಾಗಿಯೇನೋ ಹೋಯಿತು, ಅದರ ಜೊತೆಗೆ ತೂತಿಗೆ ಅಂಟಿದ್ದೂ ಹೋಯಿತು. ಮೇಲೆ ಹೊಯ್ದ ನೀರು ಕೆಳಗೆ ಧಾರೆಯಾಗಿ ಸುರಿಯಿತು.

"ಇದಕ್ಕೆ ಒಂದೇ ಮದ್ದು" ಎಂದು ಕೆಂಪಣ್ಣ ತಮ್ಮ ಹೆಂಡತಿಯನ್ನು ಕೂಗಿದರು. ನಂಜಮ್ಮ ಕೊಟ್ಟಿಗೆಗೆ ಹೋಗಿ, ಕಲ್ಲಿನ ಮೇಲೆ ನಿಂತಿದ್ದ ಕಾರಿನ ಬಾಗಿಲು ತೆಗೆದು, ಹಿಂದಿನ ಸೀಟಿನಲ್ಲಿ ಕೂತಿದ್ದ ಕೋಳಿಯನ್ನು ಎಬ್ಬಿಸಿ ನಾಲ್ಕು ಮೊಟ್ಟೆ ತಂದಳು.

ಇವರು ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡಿ ಪಟೇಲ್ರೇ. ಲಿಂಗ ಕಟ್ಟಿದೋರು ಕೂರೋ ಗಾಡಿ."

"ನಮ್ಮ ಕಾರಲ್ಲೇ ಇಟ್ಟಿದ್ದು ಸಾವ್ಕಾರ್ರೇ. ಮೊಟ್ಟೆ ಅಂತ ಯಾಕಂತೀರಿ? ಸ್ಪೇರ್ ಪಾರ್ಟು ಅಂದ್ಕಳಿ. ನೀವು ಮುಟ್ಟಬ್ಯಾಡಿ, ನಾನೇ ಆಕ್ತೀನಿ."

"ಯಾರು ಹಾಕುದ್ರೂ ಅದು ನನ್ನ ಗಾಡಿ ತಾನೆ? ಸುಣ್ಣ-ಬೆಲ್ಲ ಕಲಸಿ ಮೆತ್ತಾಣ."

"ಅದು ಒಣಗಕ್ಕೆ ನಾಳೆ ಸಂಜೆ ಆಯ್ತದೆ."

"ಸೋಪು?"

"ಸೋಪು ನೀರಲ್ಲಿ ಕರಗ್ತದೆ ಕಣ್ರೀ!"

ಇಬ್ಬರು ಕಾರಿನ ಯಜಮಾನರು ರಸ್ತೆಯಲ್ಲಿ ನಿಂತು ವಾದಕ್ಕಿಳಿದರು. ನನಗೆ ರೇಗಿಹೋಯಿತು. ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ, ಅಷ್ಟರಲ್ಲಿ ನೀಲಾ ಕಾರಿನಿಂದ ಇಳಿದಳು. ಲೇಖನಿ, ಮಸಿಕುಡಿಕೆ ಇದ್ದ ಚೀಲ ಹೆಗಲಲ್ಲಿತ್ತು. ಅಳಲಿಲ್ಲ, ಕೋಪಿಸಿಕೊಳ್ಳಲಿಲ್ಲ.

"ಅಪ್ಪಾಜಿ, ಬಾಗೂರಿನವರಿಗೆ ಹೇಳಿ ಕಳಿಸ್ಬುಡಿ. ಬಾ ಅವ್ವ, ಮನೆಗೆ ಹೋಗಾಣ" ಎಂದಳು. ಅಷ್ಟೆ.

ಇವರು ಮಗಳ ಮುಖ ನೋಡಿದರು, ಕಾರಿನ ಮೂತಿಯ ಮೇಲಿನ ಮೂರು ಪಟ್ಟೆ ನೋಡಿದರು, ನಂಜಮ್ಮನ ಕೈ ನೋಡಿದರು. ತಟ್ಟನೆ ಮುಂದೆ ಬಂದು ಒಂದು ಮೊಟ್ಟೆಯನ್ನು ತಾವೇ ಎತ್ತಿಕೊಂಡರು.

"ನಾನು ಆಕ್ತೀನಿ ಅಂದ್ನಲ್ಲ" ಎಂದರು ಕೆಂಪಣ್ಣ.

"ಮಾತು ಕೊಟ್ಟಿರೋನು ನಾನು. ನಿಮ್ಮ ಕೈಲಿ ಯಾಕೆ ಮಾಡಿಸ್ಲಿ?"

ಹುಟ್ಟಿದಾರಭ್ಯ ಮೊಟ್ಟೆ ಮುಟ್ಟಿದವರಲ್ಲ. ಒಡೆಯಬೇಕು ಎನ್ನುವುದು ಗೊತ್ತಿತ್ತು. ಇವರಿಗೆ ಒಡೆದು ಗೊತ್ತಿದ್ದದ್ದು ತೆಂಗಿನಕಾಯಿ ಒಂದೇ. ಕಣ್ಣು ಮುಚ್ಚಿ, "ಶಿವಶಿವಾ" ಎಂದು ಕೈಯನ್ನು ತಲೆಯ ಮೇಲಕ್ಕೆತ್ತಿ, ಮೊಟ್ಟೆಯನ್ನು ಬಲವಾಗಿ ಮಡ್ಗಾರ್ಡಿಗೆ ಬಡಿದರು. ಅದು ಗಡ್ಡ, ಶಲ್ಯ, ಪಂಚೆ, ಪಾದದವರೆಗೆ ಇಳಿಯಿತು. ಕೆಂಪಣ್ಣ ರುಮಾಲು ಬಾಯಿಗೆ ತುರುಕಿಕೊಂಡು ಕೊಟ್ಟಿಗೆಯ ಕಡೆ ತಿರುಗಿ ನಿಂತರು.

"ಅಂಗಲ್ಲ ಸಾವ್ಕಾರ್ರೇ, ಮೆತ್ತಗೆ" ಎಂದಳು ನಂಜಮ್ಮ, ಪಾಪ, ನಗದೆ. ಕಾರಿನ ಅಂಚಿಗೆ ಹೇಗೆ ತಟ್ಟಬೇಕೆಂದು ಕೈಯಲ್ಲೇ ತೋರಿಸಿದಳು. "ಅಳದಿ ಬ್ಯಾಡ. ಬಿಳೀದು ಮಾತ್ರ ಬುಡಿ."

"ಒಳಗೆ ಎರಡು ಬಣ್ಣ ಇರ್ತದಾ?" ಎಂದು ಇವರು ಬೆರಗಾದರು.

ಮತ್ತೆ ನೀರು ತುಂಬಿ, ಇಂಜಿನು ಓಡಿಸಿ, ನೀರು ಕಾದ ಮೇಲೆ ಮೂರು ಮೊಟ್ಟೆಯ ಬಿಳಿಯನ್ನೂ ಇವರೇ ಬಿಟ್ಟರು. ಧಾರೆ ತೊಟ್ಟಾಯಿತು, ತೊಟ್ಟು ನಿಂತಿತು. ತೊಳೆದುಕೊಳ್ಳಿ ಎಂದು ನಂಜಮ್ಮ ತಂದಿಟ್ಟ ಚೆಂಬಿನ ಕಡೆಗೂ ನೋಡದೆ ಇವರು ಸ್ಟೇರಿಂಗು ಹಿಡಿದರು.

ಹಾಸನದ ಹೈಸ್ಕೂಲಿನ ಮುಂದೆ ನಿಲ್ಲಿಸಿದಾಗ ಗಂಟೆ ಹೊಡೆಯುತ್ತಿತ್ತು. ಜವಾನ ಗೇಟಿಗೆ ಕೈ ಹಾಕಿದ್ದ. ನೀಲಾ ಇಳಿದು ಓಡಿದವಳು, ಅರ್ಧದಲ್ಲಿ ತಿರುಗಿ ಓಡಿ ಬಂದು, ಕಾರಿನಿಂದ ಇಳಿದು ನಿಂತಿದ್ದ ಅಪ್ಪನ ಕಾಲಿಗೆ ಬಗ್ಗಿದಳು.

ಇವರು ಗಾಬರಿಯಿಂದ ಕಾಲು ಹಿಂದಕ್ಕೆಳೆದುಕೊಂಡರು. "ಮುಟ್ಟಬ್ಯಾಡ ಕಣವ್ವ, ಮೈಲಿಗೆ ಆಗಿದೀನಿ. ಓಡು, ಓಡು!"

ಅವಳು ಕೇಳಲಿಲ್ಲ. ಮೊಟ್ಟೆ ಒಣಗಿ ಅಂಟಂಟಾಗಿದ್ದ ಪಾದವನ್ನು ಎರಡೂ ಕೈಯಲ್ಲಿ ಮುಟ್ಟಿ, ಕಣ್ಣಿಗೊತ್ತಿಕೊಂಡು ಓಡಿದಳು. ಜವಾನ ಅವಳನ್ನು ಒಳಗೆ ಬಿಟ್ಟು ಗೇಟು ಹಾಕಿದ.

ಇವರು ಗೇಟನ್ನೇ ನೋಡುತ್ತಾ ನಿಂತರು. ಅಕ್ಕನ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಬಿಸಿನೀರು ಕಾಯಿಸಿರುತ್ತಾರೆ, ಹೋಗಿ ಸ್ನಾನ ಮಾಡಿ ಬನ್ನಿ ಎಂದೆ. ದಿನಕ್ಕೆರಡು ಸಲ ಸ್ನಾನ ಮಾಡುವವರು, ಗಡ್ಡದಲ್ಲಿ ಮೊಟ್ಟೆ ಇಟ್ಟುಕೊಂಡು, ಬೀದಿಯ ಜನ ನೋಡುತ್ತಿದ್ದಂತೆಯೇ ಕಾರಿನ ಫುಟ್‌ಬೋರ್ಡಿನ ಮೇಲೆ ಕೂತರು.

"ಇರ್ಲಿ ಬುಡೇ. ಅವಳು ಬರೆದು ಮುಗಿಸ್ಲಿ, ಆಮೇಲೆ ತೊಳ್ಕೊಂಡ್ರಾಯ್ತು" ಎಂದರು.

ನಾನೂ ಅವರ ಪಕ್ಕದಲ್ಲಿ ಕೂತೆ.