ಮುಟ್ಟಿದರೆ ಮುನಿಯುವ ಬ್ರೇಕು

ಗಾಡಿ ಓಡಿಸುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ; ಹುಟ್ಟಿದ್ದರೂ ಅವನಿಗೆ ಲೈಸೆನ್ಸ್ ಸಿಕ್ಕಿಲ್ಲ. ನೀರಿನ ಟ್ಯಾಂಕರ್ ಓಡಿಸುತ್ತಲೇ ನನ್ನ ಮೀಸೆ ನರೆತದ್ದು. ಆ ಟ್ಯಾಂಕರಿನ ಬ್ರೇಕು ಅಂದರೆ ಬ್ರೇಕು! ಸೀಟಿನಿಂದ ಎದ್ದು ನಿಂತು, ಹೆತ್ತವರನ್ನು ನೆನೆದು, ಮೈಭಾರವನ್ನೆಲ್ಲ ಬಲಗಾಲಿಗೆ ಇಳಿಸಿ ತುಳಿದರೆ, ಅದು ಸ್ವಲ್ಪ ಯೋಚನೆ ಮಾಡಿ ಮುಂದಿನ ಬೀದಿಯಲ್ಲಿ ನಿಲ್ಲುತ್ತಿತ್ತು. ತುಳಿದೂ ತುಳಿದೂ ನನ್ನ ಬಲಗಾಲು ಒನಕೆಯಂತಾಗಿದೆ. ಈಗಲೂ ಮನೆಯಲ್ಲಿ ಕೂತು ಕಥೆ ಹೇಳುವಾಗ ಮಾತುಮಾತಿಗೂ ಆ ಕಾಲು ತಾನಾಗಿ ನೆಲಕ್ಕೆ ಅಪ್ಪಳಿಸುತ್ತದೆ. ಕೆಳಗಿನ ಮನೆಯವರು ಭೂಕಂಪವೆಂದು ಬೀದಿಗೆ ಓಡಿಹೋದದ್ದೂ ಉಂಟು.

ಇಂಥ ಕಾಲಿಗೆ ಗಂಟುಬಿದ್ದದ್ದು ಒಂದು ಹೊಸ ಕಾರು. ಅದರ ಬ್ರೇಕು ಮುಟ್ಟಿದರೆ ಮುನಿಯ ಜಾತಿ. ಮುಟ್ಟುವುದೂ ಬೇಡ, ಕಾಲಿನ ನೆರಳು ಬಿದ್ದರೆ ಸಾಕು, ಗಕ್ಕನೆ ನಿಲ್ಲುತ್ತದೆ. ಮೊದಲ ದಿನವೇ ಹಿಂದಿನ ಸೀಟಿನ ತರಕಾರಿ ಚೀಲ ಹಾರಿ ಬಂದು, ಟೊಮೇಟೊಗಳೆಲ್ಲ ಮುಂದಿನ ಗಾಜಿಗೆ ಅಪ್ಪಳಿಸಿ, ಮನೆ ಸೇರುವಷ್ಟರಲ್ಲಿ ನನ್ನ ಹೆಂಡತಿಗೆ ಅರ್ಧ ಅಡುಗೆ ಮುಗಿದಿತ್ತು. ಶೋರೂಮಿಗೆ ಒಯ್ದು ಜಗಳ ತೆಗೆದೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ ಬಂದ.

“ಬ್ರೇಕಲ್ಲಿ ಏನೂ ತೊಂದರೆ ಇಲ್ಲ ಸಾರ್. ಹೊಸದಲ್ವಾ, ಸ್ವಲ್ಪ ಚುರುಕು. ಹಿಮ್ಮಡಿ ನೆಲಕ್ಕೆ ಊರಿ, ಬರೀ ಬೆರಳಲ್ಲಿ ಒತ್ತಿ. ಇನ್ನೇನು ನಿಲ್ಲುತ್ತೆ ಅನ್ನುವಾಗ ಚೂರು ಸಡಿಲ ಬಿಡಿ.”

“ನನಗೇ ಪಾಠವೇನಪ್ಪಾ? ನೀನು ಹುಟ್ಟೋಕೆ ಮುಂಚೆ ನಾನು ಟಾಪ್ ಗೇರಲ್ಲಿದ್ದೆ!” ಎಂದು ಬಂದುಬಿಟ್ಟೆ.

ಅಷ್ಟರಲ್ಲಿ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರು ಎಚ್ಚರಿಸಿದರು: “ಕೆಮ್ಮಬೇಡಿ, ನಗಬೇಡಿ, ಕುಲುಕಾಟ ಬೇಡವೇ ಬೇಡ. ಹೊಲಿಗೆ ಬಿಟ್ಟರೆ ಮತ್ತೆ ಇದೇ ಮೇಜಿನ ಮೇಲೆ ಮಲಗಬೇಕಾಗುತ್ತೆ.” ಅದನ್ನು ಕೇಳಿದ ಅಕ್ಕನ ಮುಖ ಬಿಳಿಚಿಕೊಂಡಿತು.

ಭಾವ ನನ್ನ ಕಾರಿನಲ್ಲಿ ಹಿಂದಿನ ದಿನವಷ್ಟೇ ಕೂತಿದ್ದರು. ಅವರ ಕನ್ನಡಕ ಮೂಗು ಬಿಟ್ಟು ಡ್ಯಾಶ್‌ಬೋರ್ಡಿಗೆ ವಲಸೆ ಹೋಗಿತ್ತು.

“ಆಂಬುಲೆನ್ಸ್ ಹೇಳ್ತೀನಿ. ನಿನ್ನ ತಮ್ಮನ ಕಾರಲ್ಲಿ ಹೋದ್ರೆ ಹೊಲಿಗೆ ದಾರೀಲೇ ಬಿಚ್ಕೊಳ್ಳುತ್ತೆ” ಎಂದರು.

“ಬೇಡಾಂದ್ರೆ ಬೇಡ” ಎಂದಳು ಅಕ್ಕ. “ನನ್ನ ಮಲಗಿಸ್ಕೊಂಡು ಹೋದ್ರೆ ಬೀದಿಯವರೆಲ್ಲ ಹೆಣ ಬಂತೇನೋ ಅಂತ ಇಣುಕ್ತಾರೆ. ನಡ್ಕೊಂಡು ಬಂದವಳು ನಾನು, ಕೂತ್ಕೊಂಡೇ ಮನೆಗೆ ಹೋಗ್ತೀನಿ. ಇವನು ಓಡಿಸ್ಲಿ.”

“ಕೇಳಿದ್ರಾ ಭಾವಾ?” ಎಂದೆ. “ಟ್ಯಾಂಕರಲ್ಲಿ ತುಂಬಿದ ಬಾವಿಯನ್ನೇ ಒಂದು ಹನಿ ತುಳುಕದ ಹಾಗೆ ಸಾಗಿಸಿದವನು ನಾನು!”

ಅಕ್ಕ ಹಿಂದಿನ ಸೀಟಿನಲ್ಲಿ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತಳು. ಭಾವ ನನ್ನ ಪಕ್ಕ ಕೂತು ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ಯಾರಿಗೂ ಕಾಣದಂತೆ ನಾನು ಚಪ್ಪಲಿ ಬಿಟ್ಟು, ಹಿಮ್ಮಡಿ ನೆಲಕ್ಕೆ ಊರಿದೆ. ಆಸ್ಪತ್ರೆಯ ಗೇಟು ದಾಟುವವರೆಗೆ ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು.

“ನೋಡಿದ್ರಾ? ಹಿಂಗೆ ಓಡಿಸೋರು ದೇಶದಲ್ಲೇ ಇಲ್ಲ!” ಎಂದೆ. ಗಕ್! ಅಕ್ಕ “ಅಮ್ಮಾ” ಎಂದಳು.

“ಅದು ಎದುರಿಗೆ ಸ್ಕೂಟರು ಬಂತಕ್ಕಾ, ನಾನಲ್ಲದೆ ಬೇರೆಯವನಾಗಿದ್ರೆ ಅವನ ಕಥೆ ಮುಗೀತಿತ್ತು!” ಗಕ್!

“ಸ್ಕೂಟರು ಎಲ್ಲಿತ್ತೋ? ನಿಲ್ಸು, ಪಕ್ಕಕ್ಕೆ ನಿಲ್ಸು.” ಅಕ್ಕನ ಕಣ್ಣಲ್ಲಿ ನೀರಿತ್ತು. ಪಕ್ಕಕ್ಕೆ ನಿಲ್ಲಿಸಿದೆ. ಭಾವ ಆಗಲೇ ಮೊಬೈಲ್ ತೆಗೆದಿದ್ದರು. ಅಕ್ಕ ಉಸಿರು ಹಿಡಿದು ಹೇಳಿದಳು: “ತಪ್ಪು ಬ್ರೇಕಿನದ್ದಲ್ಲ ಕಣೋ. ನೀನು ಬಡಾಯಿ ಬಿಟ್ಟಾಗೆಲ್ಲ ಕಾಲು ಕುಟ್ತೀಯ. ಮನೇಲಾದ್ರೆ ನೆಲ ಇರುತ್ತೆ, ಇಲ್ಲಿ ಬ್ರೇಕಿದೆ. ಮನೆ ಮುಟ್ಟೋವರೆಗೆ ಬಾಯಿ ಮುಚ್ಚು.”

“ಅದು ಆಗೋ ಹೋಗೋ ಮಾತಾ? ಆಂಬುಲೆನ್ಸೇ ವಾಸಿ” ಎಂದರು ಭಾವ.

ನಾನು ಉತ್ತರ ಕೊಡಲಿಲ್ಲ. ಚರಿತ್ರೆಯಲ್ಲಿ ಇಂಥದ್ದು ಅದೇ ಮೊದಲು. ಭಾವನ ಕೈಯಿಂದ ಮೊಬೈಲ್ ಜಾರಿ ಬಿತ್ತು. ಕಾರನ್ನು ಮೆಲ್ಲಗೆ ರಸ್ತೆಗೆ ಇಳಿಸಿದೆ.

ಮೌನವೆಂದರೆ ಏನೆಂದು ಋಷಿಗಳಿಗೇನು ಗೊತ್ತು? ಅವರು ಕಾಡಿನಲ್ಲಿ ಕೂತಿದ್ದರು. ಅಲ್ಲಿ ಹೇಳಲು ಏನಿತ್ತು? ನನ್ನ ದಾರಿಯಲ್ಲಿ ಆ ದೊಡ್ಡ ವೃತ್ತ ಬಂತು. ಟ್ಯಾಂಕರನ್ನು ನಾನು ಹಿಮ್ಮುಖವಾಗಿ ಸುತ್ತಿಸಿದ್ದು ಅಲ್ಲಿಯೇ, ಪೊಲೀಸರು ಚಪ್ಪಾಳೆ ತಟ್ಟಿದ್ದೂ ಅಲ್ಲಿಯೇ. ಕಥೆ ಗಂಟಲವರೆಗೆ ಬಂತು. ನುಂಗಿದೆ. ಸೇತುವೆ ಬಂತು; ಅದರದ್ದು ಇನ್ನೂ ದೊಡ್ಡ ಕಥೆ. ಅದನ್ನೂ ನುಂಗಿದೆ. ಹೊಟ್ಟೆ ಉಬ್ಬಿ ಸ್ಟೇರಿಂಗಿಗೆ ತಾಗಿತು. ಆದರೆ ಕಾಲು ಮಾತ್ರ ಮಲಗಿದ ಬೆಕ್ಕಿನಂತೆ ಸುಮ್ಮನಿತ್ತು.

ಸೇತುವೆ ದಾಟಿದ ಮೇಲೆ ಹಿಂದಿನಿಂದ ಅಕ್ಕನ ದನಿ ಬಂತು.

“ನನಗೆ ಎಷ್ಟು ಭಯ ಆಗಿತ್ತು ಗೊತ್ತೇನೋ?”

ಕನ್ನಡಿಯಲ್ಲಿ ನೋಡಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

“ಆಪರೇಷನ್ ದಿನ, ಮತ್ತಿನ ಇಂಜೆಕ್ಷನ್ ಕೊಟ್ರೆ ಇನ್ನು ಏಳ್ತೀನೋ ಇಲ್ವೋ ಅನ್ನಿಸ್ತು. ನಿಮ್ಮ ಭಾವನಿಗೆ ಹೇಳೋಣ ಅಂದ್ರೆ ಅವರೇ ಗಡಗಡ ನಡುಗ್ತಾ ಇದ್ರು. ನಿನಗೆ ಹೇಳೋಣ ಅಂತ ಬಾಯಿ ತೆಗೆದೆ. ನೀನು ಹಲ್ಲು ಕೀಳಿಸಿಕೊಂಡ ಕಥೆ ಹೇಳ್ತಾ ಇದ್ದೆ. ಮುಗೀಲಿ ಅಂತ ಕಾದೆ, ನೀನು ಇನ್ನೊಂದು ಹಲ್ಲಿಗೆ ಹೋಗ್ಬಿಟ್ಟೆ. ಅಷ್ಟರಲ್ಲಿ ಆಸ್ಪತ್ರೆಯವರು ಬಂದು ನನ್ನ ಮಂಚ ತಳ್ಕೊಂಡು ಹೋದ್ರು.”

ಭಾವ ಬಾಗಿಲಿನ ಹಿಡಿ ಬಿಟ್ಟು, ಕನ್ನಡಕ ತೆಗೆದು ಒರೆಸತೊಡಗಿದರು. “ಅಕ್ಕಾ, ನಾನಿರೋವಾಗ ಯಮನಿಗೇನು ಧೈರ್ಯ!” ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು. ಚಂದದ ಮಾತು, ಬೇರೆ ದಿನವಾಗಿದ್ದರೆ ಬೀದಿ ಅದುರುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ.

ಅದೇ ಹೊತ್ತಿಗೆ ಒಂದು ನಾಯಿ ಸಾವಕಾಶವಾಗಿ ರಸ್ತೆಗೆ ಇಳಿಯಿತು. ಬೆರಳು ಒತ್ತಿದವು, ಕಾರು ನಿಧಾನಿಸಿತು, ಕೊನೆಯಲ್ಲಿ ಬೆರಳು ಸಡಿಲಗೊಂಡವು. ಅಕ್ಕನ ಮಾತು ನಡುವೆ ಎಲ್ಲೂ ಮುರಿಯಲಿಲ್ಲ. ರಾತ್ರಿ ಒಬ್ಬಳೇ ಅತ್ತದ್ದು, ಪಕ್ಕದ ಮಂಚದ ಮುದುಕಿ ಸುಮ್ಮನೆ ಕೈ ಹಿಡಿದುಕೊಂಡದ್ದು, ಮೊದಲ ಸಲ ಎದ್ದು ನಿಂತಾಗ ಕಾಲು ತನ್ನದಲ್ಲ ಅನ್ನಿಸಿದ್ದು, ಎಲ್ಲ ಹೇಳುತ್ತಿದ್ದಳು. ಹುಟ್ಟಿದಾಗಿನಿಂದ ಅವಳ ತಮ್ಮ ನಾನು. ಅವಳು ಇಷ್ಟುದ್ದ ಮಾತಾಡುವುದನ್ನು ಕೇಳಿದ್ದು ಅಂದೇ.

ಅವಳ ಮನೆಯ ಬಾಗಿಲು ಬಂತು. ನಿಲ್ಲಿಸಿದೆ. ಹೇಗೆ ನಿಲ್ಲಿಸಿದೆನೆಂದರೆ, ಭೂಮಿಗೂ ತಿಳಿಯಲಿಲ್ಲ, ಚಕ್ರಗಳಿಗೂ ತಿಳಿಯಲಿಲ್ಲ. ಅಕ್ಕನಿಗಂತೂ ತಿಳಿಯಲೇ ಇಲ್ಲ. ಭಾವ ಇಳಿಯಲು ಸೀಟ್ ಬೆಲ್ಟಿಗೆ ಕೈ ಹಾಕಿದರು. ನಾನು ಮೆಲ್ಲಗೆ ಅವರ ಕೈ ಹಿಡಿದೆ. ಅವರು ಹಿಂದೆ ತಿರುಗಿ ಹೆಂಡತಿಯ ಮುಖ ನೋಡಿ ಸುಮ್ಮನೆ ಒರಗಿ ಕೂತರು. ನಾನು ಎಂಜಿನ್ ಆರಿಸಲಿಲ್ಲ.

“ಆಮೇಲೆ ಬೆಳಗ್ಗೆ ನರ್ಸಮ್ಮ ಬಂದ್ಲು,” ಅಕ್ಕ ದಿಂಬನ್ನು ಪಕ್ಕಕ್ಕೆ ಸರಿಸಿ ಹೇಳುತ್ತಿದ್ದಳು, “ಬಂದವಳೇ ಏನಂದ್ಲು ಗೊತ್ತಾ?”