ಕಾಣದವನ ಬಗ್ಗೆ ಇಪ್ಪತ್ತೆರಡು ಪುಟ

ನನ್ನ ವಾಕ್ಯವನ್ನು ನಾನೇ ಟೈಪ್ ಮಾಡುತ್ತಿದ್ದೇನೆ ಅಂತ ಗೊತ್ತಾಗಿದ್ದು ಎರಡನೇ ಪುಟದ ಮಧ್ಯದಲ್ಲಿ.

ಮೊದಲ ಪುಟವನ್ನು ಬೆರಳುಗಳೇ ಮುಗಿಸಿದ್ದವು. ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹಿಂದೆ ಫಕ್ರುದ್ದೀನ್ ಭಾಯ್ ಅವರ ಜೆರಾಕ್ಸ್ ಅಂಗಡಿ ಇದೆ. ಬಿ.ಎ. ಮುಗಿದ ಮೇಲೆ, ಎಂಟು ತಿಂಗಳಿಂದ, ನಾನು ಅಲ್ಲಿ ಕನ್ನಡ ಟೈಪಿಂಗ್ ಮಾಡುತ್ತೇನೆ. ಮದುವೆ ಕಾಗದ, ತಾಲ್ಲೂಕು ಕಚೇರಿ ಅರ್ಜಿ, ಹುಡುಗರ ಪ್ರಾಜೆಕ್ಟು. ಅಕ್ಷರ ನೋಡಬೇಕು, ಓದಬಾರದು ಅನ್ನುವುದು ಭಾಯ್ ಕಲಿಸಿದ ಮೊದಲ ಪಾಠ. ಓದಿದರೆ ತಿದ್ದಬೇಕು ಅನ್ನಿಸುತ್ತೆ, ತಿದ್ದಿದರೆ ಗಿರಾಕಿ ಜಗಳಕ್ಕೆ ಬರುತ್ತಾನೆ. ಹಾಗಾಗಿ ನಾನು ಓದುವುದಿಲ್ಲ. ಅವತ್ತೂ ಓದುತ್ತಿರಲಿಲ್ಲ.

ಆದರೆ ಈ ಸಾಲು ಬಂತು: ‘ಬೆಂಕಿ ಹಚ್ಚಿದವಳು, ಊಟ ಹೊತ್ತು ಮೆಟ್ಟಿಲು ಹತ್ತಿದವಳು, ಅವನು ಒಡೆದ ಗಾಜು ಗುಡಿಸಿದವಳು, ಇವಳನ್ನು ಈ ಕಾದಂಬರಿಯಲ್ಲಿ ಯಾರೂ ನೋಡುವುದಿಲ್ಲ. ಮಾಯವಾಗಲು ಇವಳಿಗೆ ಯಾವ ಔಷಧಿಯೂ ಬೇಕಾಗಲಿಲ್ಲ.’

ಕೀಲಿಗಳ ಮೇಲೆ ಕೈ ನಿಂತುಬಿಟ್ಟಿತು. ಕೈಬರಹ ನನ್ನದಲ್ಲ. ಹಾಳೆಯ ತಲೆಯ ಮೇಲೆ ಹೆಸರಿತ್ತು: ಪ್ರೊ. ಮನೋಹರ್. ನನಗೆ ಮೂರು ವರ್ಷ ಇಂಗ್ಲಿಷ್ ಪಾಠ ಹೇಳಿದವರು.

ಕೊನೇ ವರ್ಷದಲ್ಲಿ ನಮಗೊಂದು ಹಳೇ ಇಂಗ್ಲಿಷ್ ಕಾದಂಬರಿ ಪಠ್ಯವಾಗಿತ್ತು. ನೂರು ವರ್ಷಕ್ಕೂ ಹಿಂದಿನದು. ಒಬ್ಬ ವಿಜ್ಞಾನಿ ತನ್ನನ್ನೇ ಯಾರಿಗೂ ಕಾಣದ ಹಾಗೆ ಮಾಡಿಕೊಳ್ಳುತ್ತಾನೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಒಂದು ಹಳ್ಳಿಯ ವಸತಿಗೃಹಕ್ಕೆ ಬಂದು, ಬಾಗಿಲು ಹಾಕಿಕೊಂಡು, ಎಲ್ಲರ ಮೇಲೂ ಎಗರಾಡುತ್ತಾನೆ. ಅಲ್ಲಿ ಅವನ ಚಾಕರಿ ಮಾಡುವ ಹೆಂಗಸಿನ ಬಗ್ಗೆಯೇ ಆ ಸಾಲು. ಪಾಠ ಆದ ದಿನ ಕ್ಲಾಸಿನ ಹುಡುಗರೆಲ್ಲ ತಾವು ಮಾಯವಾದರೆ ಏನು ಮಾಡ್ತೀವಿ ಅಂತ ಹೇಳಿದ್ದೇ ಹೇಳಿದ್ದು. ಬಸ್ಸಲ್ಲಿ ಟಿಕೆಟ್ ತಗೊಳಲ್ಲ, ಹಾಸ್ಟೆಲ್‌ಗೆ ನುಗ್ತೀವಿ. ನಾನು ಹಿಂದಿನ ಬೆಂಚಲ್ಲಿ ಕೂತು, ಮೂರು ವರ್ಷದಲ್ಲಿ ಮೇಷ್ಟ್ರು ನನ್ನನ್ನು ಹೆಸರು ಹಿಡಿದು ಎಷ್ಟು ಸಲ ಕರೆದರು ಅಂತ ಎಣಿಸುತ್ತಿದ್ದೆ. ಹಾಜರಿ ಬಿಟ್ಟರೆ, ಒಂದೂ ಇಲ್ಲ.

ಅವತ್ತೇ ಮನೋಹರ್ ಸಾರ್ ಅಂದಿದ್ದು, “ಈ ಕಾದಂಬರಿ ಮೇಲೆ ಯಾರಾದ್ರೂ ಚೆನ್ನಾಗಿ ಬರೆದ್ರೆ ಅಚ್ಚು ಹಾಕಿಸೋ ಜವಾಬ್ದಾರಿ ನಂದು.” ನಾನು ಬರೆದೆ. ಇಪ್ಪತ್ತೆರಡು ಪುಟ, ಕನ್ನಡದಲ್ಲಿ. ಮಾರ್ಚಲ್ಲಿ ಕೊಟ್ಟೆ. “ನೋಡ್ತೀನಮ್ಮ, ಇಟ್ಟಿರು,” ಅಂದರು. ಎರಡು ಸಲ ಸ್ಟಾಫ್ ರೂಮಿನ ಬಾಗಿಲ ತನಕ ಹೋಗಿ ಕೇಳದೆ ವಾಪಸ್ ಬಂದೆ. ಮೂರನೇ ಸಲ ಕೇಳಿದ್ದಕ್ಕೆ “ಟೈಮೇ ಆಗಿಲ್ಲ” ಅಂದರು. ಅಲ್ಲಿಗೆ ಬಿಟ್ಟೆ.

“ಏನೇ ಭಾನು, ಕರೆಂಟ್ ಹೋದೋಳ ಥರ ಕೂತಿದ್ದೀಯ?” ಅಂದಳು ಇಕ್ರಾ. ಅವಳು ಜೆರಾಕ್ಸ್ ಯಂತ್ರ ನೋಡಿಕೊಳ್ಳುತ್ತಾಳೆ. ನಮ್ಮಿಬ್ಬರ ಮಧ್ಯೆ ಮಾತಾಡುವ ಕೆಲಸವನ್ನೂ ಅವಳೇ ನೋಡಿಕೊಳ್ಳುತ್ತಾಳೆ.

ಹಾಳೆ ತೋರಿಸಿದೆ. “ಇದು ನಂದು.”

“ನಿಂದು ಅಂದ್ರೆ?”

“ನಾನು ಬರ್ದಿದ್ದು. ಪೂರ್ತಿ.”

ಅವಳು ಓದಿದಳು. “ಅರೆ, ಇವ್ರು ಒಂದಕ್ಷರನೂ ಮಾಡಿಲ್ವಾ?”

“ಹೆಸರು ಮಾಡವ್ರೆ.”

ಭಾಯ್ ಕನ್ನಡಕ ಮೇಲೇರಿಸಿ ನೋಡಿದರು. “ನೋಡಮ್ಮ, ಅಂಗಡಿ ಕೋರ್ಟ್ ಅಲ್ಲ. ಕೊಟ್ಟಿದ್ದು ಟೈಪ್ ಮಾಡೋದು, ನಾಳೆ ಪ್ರೂಫ್ ನೋಡಕ್ಕೆ ಅವ್ರು ಬರ್ತಾರೆ. ಯಾವ್ದೋ ವಿಚಾರ ಸಂಕಿರಣದ ಪುಸ್ತಕಕ್ಕಂತೆ, ನಾಳೆ ಸಂಜೆ ಆರಕ್ಕೆ ಕೊನೆ ಅಂತೆ. ಮಾಡ್ಬಿಡು.”

ಮಾಡಿದೆ. ಅದೇ ನನಗೆ ಇವತ್ತಿಗೂ ಉರಿಯುತ್ತೆ. ಇಪ್ಪತ್ತೆರಡೂ ಪುಟ, ಒಂದು ಕೊಂಬು ತಪ್ಪದ ಹಾಗೆ, ಅವರ ಹೆಸರಿನ ಕೆಳಗೆ ನಾನೇ ಟೈಪ್ ಮಾಡಿದೆ.

ಹದಿನಾಲ್ಕನೇ ಪುಟದಲ್ಲಿ ಅವರು ಒಂದು ಕಡೆ ಕೈ ಹಾಕಿದ್ದರು. ಕಾದಂಬರಿಯಲ್ಲಿ ಒಂದು ಮಾತು ಬರುತ್ತದೆ: ಮಾಯವಾದವನು ಊಟ ಮಾಡಿದರೆ, ಅದು ಅರಗುವ ತನಕ ಹೊಟ್ಟೆಯೊಳಗಿನ ಅನ್ನ ಕಾಣುತ್ತಿರುತ್ತೆ. ಅದಕ್ಕೆ ನಾನು ನಮ್ಮ ಹೊಂಗನೂರಿನ ಹುಳದ ಮನೆಯಲ್ಲಿ ಅವ್ವ ಹೇಳುವ ಮಾತು ಬರೆದಿದ್ದೆ. ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ಹಣ್ಣಾಗುತ್ತೆ. ಸೊಪ್ಪು ಬಿಡುತ್ತೆ, ಹೊಟ್ಟೆ ಖಾಲಿ ಮಾಡಿಕೊಳ್ಳುತ್ತೆ, ಆಮೇಲೆ ಮೈ ಗಾಜಿನ ಹಾಗಾಗಿ ಬೆಳಕು ಆಚೆಗೆ ಕಾಣುತ್ತೆ. ಮಾಯವಾಗಬೇಕಾದರೆ ಮೊದಲು ಹಸಿದಿರಬೇಕು ಅಂತ ಆ ಇಂಗ್ಲಿಷಿನವನಿಗೂ ಗೊತ್ತಿತ್ತು ಅಂತ ಬರೆದಿದ್ದೆ. ಸಾರ್ ಅದನ್ನು ಹೀಗೆ ಮಾಡಿದ್ದರು: ‘ನಮ್ಮ ಹಿರಿಯರು ರೇಷ್ಮೆ ಸಾಕುತ್ತಿದ್ದಾಗ ನಾನು ಕಂಡಂತೆ, ಹುಳುವು ಹೊಟ್ಟೆ ಬಿರಿಯುವಷ್ಟು ಸೊಪ್ಪು ತಿಂದು ತಿಂದು ಪಾರದರ್ಶಕವಾಗುತ್ತದೆ.’

ಕದ್ದರೆ ಕದಿಯಲಿ. ಕೆಡಿಸಿದನಲ್ಲ. ಆ ಒಂದು ಸಾಲಿಂದ ಮುಂದಿನ ನಾಲ್ಕು ಪುಟಕ್ಕೆ ಅರ್ಥವೇ ಇಲ್ಲ.

ಸಂಜೆ ಮನೆಗೆ ಬಂದರೆ ಅವ್ವ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು. “ಯಾಕಮ್ಮಿ, ಮಕ ಊದ್ಕೊಂಡೈತೆ?”

ಹೇಳಿದೆ. ಅವ್ವ ಬೋರಮ್ಮನಿಗೆ ಕಾದಂಬರಿ, ಸಂಕಿರಣ ಏನೂ ಅರ್ಥವಾಗಲಿಲ್ಲ. ಹುಳದ ಸಾಲು ಮಾತ್ರ ಅರ್ಥವಾಯಿತು. ಮಚ್ಚು ನಿಲ್ಲಿಸಿದಳು.

“ಹಣ್ಣುಳ ಸೊಪ್ ತಿಂತದಾ? ಯಾವನ್ ಅವ್ನು? ಅವನ್ ಹಿರೀಕ್ರು ಹುಳ ಸಾಕಿದ್ರಂತಾ, ಕತ್ತೆ ಸಾಕಿದ್ರಂತಾ?”

“ನನ್ನ ಹೆಸರು ಹಾಕಿಲ್ಲ ಅವ್ವ.”

“ನೀನ್ ಬರ್ದಿರ್ನಿಲ್ವಾ ಮೇಲೆ?”

“ಮೊದಲನೇ ಹಾಳೇಲಿ ಬರ್ದಿದ್ದೆ.”

“ಹರ್ದಾಕವ್ನೆ ಬುಡು.” ಮತ್ತೆ ಮಚ್ಚು ಆಡಿಸುತ್ತಾ ಅಂದಳು, “ದೊಡ್ ಮನ್ಸ ಕಣಮ್ಮಿ. ನಿಂಗೆ ಮಾತಾಡಕ್ಕೇ ಬರಕಿಲ್ಲ. ಯಾರ್ ಕೇಳಾರು?”

ಅದು ನಿಜವಾದ್ದರಿಂದ ಇನ್ನೂ ಸಿಟ್ಟು ಬಂತು. ಮಾತಾಡಲು ಬಾರದ್ದಕ್ಕೇ ನಾನು ಹೈಸ್ಕೂಲಿಂದ ಡೈರಿ ಬರೆಯುತ್ತೇನೆ. ಕಾಲೇಜಿನ ಕೊನೇ ವರ್ಷದ್ದನ್ನು ತೆಗೆದು ನೋಡಿದೆ. ಇತ್ತು. ಆ ಇಪ್ಪತ್ತೆರಡು ಪುಟದ ಒಂದೊಂದು ಸಾಲೂ ಹುಟ್ಟಿದ ತಾರೀಖಿನ ಸಮೇತ ಇತ್ತು. ಆದರೆ ಅದರ ಜೊತೆಗೇ ಯಾರಿಗೂ ತೋರಿಸಲಾಗದ ಇನ್ನೊಂದೂ ಇತ್ತು. ನಮ್ಮ ಕಡೆ ಮುಟ್ಟಾದ ಹೆಂಗಸು ಹುಳದ ಮನೆಗೆ ಕಾಲಿಡುವ ಹಾಗಿಲ್ಲ. ಹುಳ ಕೆಡುತ್ತೆ ಅಂತಾರೆ. ಉಳಿದ ದಿನ ನನಗೆ ಕಾಲೇಜು, ಸೊಪ್ಪು, ಹುಳದ ತಟ್ಟೆ ಬದಲಾಯಿಸೋದು. ಪುಸ್ತಕ ಹಿಡಿಯಲು ಬಿಡುವೇ ಇಲ್ಲ. ತಿಂಗಳಲ್ಲಿ ಆ ಮೂರು ದಿನ ಮಾತ್ರ ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ, ಕೇಳುವುದಿಲ್ಲ. ಆ ಕಾದಂಬರಿಯನ್ನು ನಾನು ಓದಿದ್ದು, ಅದರ ಬಗ್ಗೆ ಬರೆದದ್ದು, ಎಲ್ಲ ಆ ಮೂರು ಮೂರು ದಿನಗಳಲ್ಲೇ. ಡೈರಿಯಲ್ಲಿ ಆ ಸಾಲುಗಳಿದ್ದ ಪ್ರತಿ ಪುಟವೂ ಮುಟ್ಟಾದ ಮಾತಿಂದಲೇ ಶುರುವಾಗುತ್ತಿತ್ತು.

ಬೆಳಿಗ್ಗೆ ಅದನ್ನು ಬ್ಯಾಗಿಗೆ ಹಾಕಿಕೊಂಡೆ. ತೆಗೆಯುವ ಧೈರ್ಯ ಇತ್ತು ಅಂತಲ್ಲ.

ಮನೋಹರ್ ಸಾರ್ ನಾಲ್ಕು ಗಂಟೆಗೆ ಬಂದರು. ನಮ್ಮಲ್ಲಿ ಪ್ರೂಫ್ ನೋಡುವ ಕ್ರಮ ಹೀಗೆ: ಬರೆದವರು ಪಕ್ಕದ ಕುರ್ಚಿಯಲ್ಲಿ ಕೂತು ತಮ್ಮ ಹಾಳೆ ಗಟ್ಟಿಯಾಗಿ ಓದಬೇಕು, ಟೈಪ್ ಮಾಡಿದವರು ಪರದೆ ನೋಡುತ್ತಾ ಹೋಗಬೇಕು. ಅವರು ನನ್ನ ಮುಖ ನೋಡಿದರು. ಗುರುತು ಹತ್ತಲಿಲ್ಲ. ನಟಿಸಿದರೋ ಏನೋ ಅಂದುಕೊಂಡೆ. ಇಲ್ಲ, ನಿಜವಾಗಿಯೂ ಹತ್ತಲಿಲ್ಲ.

“ಶುರು ಮಾಡೋಣವೇನಮ್ಮ?”

ಓದಿದರು. ನನ್ನ ಸಾಲುಗಳನ್ನು ನನ್ನ ಕಿವಿಗೇ, ಒಳ್ಳೇ ಕಂಠದಲ್ಲಿ, ಕೈ ಆಡಿಸುತ್ತಾ ಓದಿದರು. ‘ಇವಳನ್ನು ಯಾರೂ ನೋಡುವುದಿಲ್ಲ’ ಅನ್ನುವಲ್ಲಿ ಒಂದು ಕ್ಷಣ ನಿಲ್ಲಿಸಿ, ಅಂಗಡಿಯಲ್ಲಿ ಆಧಾರ್ ಜೆರಾಕ್ಸಿಗೆ ನಿಂತಿದ್ದ ಮೂವರು ಗಂಡಸರ ಕಡೆಗೂ ನೋಡಿದರು. ಹದಿನಾಲ್ಕನೇ ಪುಟ ಬಂತು.

“ತಿನ್ನಲ್ಲ ಸಾರ್,” ಅಂದೆ.

“ಏನು?”

“ಹಣ್ಣಾದ ಹುಳ ತಿನ್ನಲ್ಲ. ತಿನ್ನೋದು ಬಿಟ್ಟ ಮೇಲೇ ಅದು ಹಣ್ಣಾಗೋದು.”

ಸರದಿಯಲ್ಲಿದ್ದ ಒಬ್ಬರು “ಊ ಕಣ್ ಸಾರ್, ತಿನ್ನಾಕಿಲ್ಲ” ಅಂದರು.

ಸಾರ್ ನಕ್ಕರು. “ಅದು ಸಾಹಿತ್ಯಿಕವಾಗಿ ಹೇಳಿದ್ದು. ನೀನು ಟೈಪ್ ಮಾಡಮ್ಮ, ಸಾಕು.”

“ನಾನು ಬರ್ದಾಗ ಸರಿಯಾಗೇ ಬರ್ದಿದ್ದೆ.”

ಈಗ ಗುರುತು ಹತ್ತಿತು. ಮುಖದಲ್ಲಿ ಅದು ಹತ್ತುವುದನ್ನು ಇಡಿಯಾಗಿ ನೋಡಿದೆ. ಆದರೆ ದನಿ ಬದಲಾಗಲಿಲ್ಲ.

“ಓಹೋ, ನೀನಾ. ನೀನು ಏನೋ ನೋಟ್ಸ್ ಥರ ಕೊಟ್ಟಿದ್ದೆ ಅಲ್ವಾ? ಕ್ಲಾಸಲ್ಲಿ ನಾನು ಹೇಳಿದ್ದನ್ನೇ ಬರ್ಕೊಂಡಿದ್ದೆ. ಇಲ್ಲ ಅನ್ನೋಕೆ ನಿನ್ನ ಹತ್ರ ಏನು ಪುರಾವೆ ಇದೆ?”

ಭಾಯ್ “ಭಾನು” ಅಂದರು, ಎಚ್ಚರಿಸುವ ಹಾಗೆ. ನಾನು ಬ್ಯಾಗ್ ತೆರೆದೆ. ಡೈರಿ ತೆಗೆದೆ. ದನಿ ನಡುಗದಿದ್ದರೆ ಸಾಕು ಅನ್ನಿಸಿ, ಬಸ್ಸಲ್ಲಿ ಊರಿನ ಹೆಸರು ಕೂಗುವ ಕಂಡಕ್ಟರ್ ಥರ ಜೋರಾಗಿ ಓದಿದೆ.

“ಆಗಸ್ಟ್ ಇಪ್ಪತ್ತಾರು. ಬೆಳಿಗ್ಗೆ ಮುಟ್ಟಾದೆ. ಅವ್ವ ಹುಳದ ಮನೆಗೆ ಬರಬೇಡ ಅಂದಳು. ಜಗಲಿಯಲ್ಲಿ ಕೂತು ನಾಲ್ಕು ಅಧ್ಯಾಯ ಓದಿದೆ. ಬೆಂಕಿ ಹಚ್ಚಿದವಳು, ಊಟ ಹೊತ್ತು ಮೆಟ್ಟಿಲು ಹತ್ತಿದವಳು...”

“ಛೀ ಛೀ, ಏನಮ್ಮ ಇದು, ಇಷ್ಟು ಜನದ ಮುಂದೆ!”

“ಪುರಾವೆ ಕೇಳಿದ್ರಲ್ಲ ಸಾರ್. ಸೆಪ್ಟೆಂಬರ್ ಇಪ್ಪತ್ತಮೂರು. ಮತ್ತೆ ಹೊರಗಾದೆ. ಹೊಟ್ಟೆ ನೋವು. ಇವತ್ತು ಐದು ಪುಟ ಬರೆದೆ. ಮಾಯವಾಗಬೇಕಾದರೆ ಮೊದಲು ಹಸಿದಿರಬೇಕು. ಅಕ್ಟೋಬರ್ ಇಪ್ಪತ್ತೊಂದು...”

ಸರದಿಯಲ್ಲಿದ್ದ ಗಂಡಸರು ನೆಲ ನೋಡುತ್ತಿದ್ದರು. ಇಕ್ರಾ ಯಂತ್ರ ಆಫ್ ಮಾಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಇನ್ನೂ ನಾಲ್ಕು ತಿಂಗ್ಳು ಐತೆ ಸಾರ್, ಕೂತ್ಕೊಳಿ,” ಅಂದಳು.

ಸಾರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ತಗ್ಗಿಸಿದ ದನಿಯಲ್ಲಿ, ಕೊನೇಲಿ ಕೃತಜ್ಞತೆ ಅಂತ ನಿನ್ನ ಹೆಸರು ಹಾಕ್ತೀನಿ ಅಂದರು. ಬೇಡ ಅಂದೆ. ಇಬ್ಬರ ಹೆಸರೂ ಹಾಕೋಣ, ನಾನು ಸೀನಿಯರ್ ಆದ್ದರಿಂದ ನಂದು ಮೊದಲು ಅಂದರು. ಬೇಡ ಅಂದೆ. ಹಾಳೆಗಳನ್ನು ಬಾಚಿಕೊಂಡು ಎದ್ದರು.

“ನಿನ್ನಂಥ ಹುಡುಗೀರಿಗೆ ಯಾರಮ್ಮ ಅಚ್ಚು ಹಾಕ್ತಾರೆ? ನಾನು ಹಾಕಿದ್ರೆ ನಾಲ್ಕು ಜನ ಓದ್ತಾರೆ. ನಿನ್ನ ಹೆಸರಲ್ಲಿ ಬಂದ್ರೆ ಯಾರು ಓದ್ತಾರೆ? ರಾಮನಗರದಲ್ಲಿ ಹತ್ತು ಅಂಗಡಿ ಇದೆ, ಅಲ್ಲಿ ಮಾಡಿಸ್ಕೋತೀನಿ.”

ಸ್ಕೂಟರ್ ಶಬ್ದ ದೂರವಾಯಿತು. ನನಗೆ ಅಳು ಬರುತ್ತೆ ಅಂದುಕೊಂಡಿದ್ದೆ. ಬರಲಿಲ್ಲ. ಆ ಮಾತಿಗೆ ಕೊಡಬೇಕಾಗಿದ್ದ ಏಳೆಂಟು ಉತ್ತರಗಳು ಆಗ ಬಂದವು, ಎಲ್ಲ ಒಟ್ಟಿಗೆ, ಕೇಳಬೇಕಾದವನು ಹೋದ ಮೇಲೆ.

“ಆ ಫೈಲ್ ತೆಗ್ದಾಕು,” ಅಂದರು ಭಾಯ್. “ಗಿರಾಕಿದು ಅದು.”

“ಗಿರಾಕಿದಲ್ಲ ಭಾಯ್. ನಂದು.”

ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಗೋಡೆ ಗಡಿಯಾರ ನೋಡಿದರು. ಟೋಪಿ ಹಾಕಿಕೊಂಡರು. “ನಾನು ನಮಾಜಿಗೆ ಹೋಗಿ ಬರ್ತೀನಿ. ಅರ್ಧ ಗಂಟೆ ಅಂಗಡೀಲಿ ಏನಾಯ್ತೋ ನಂಗೊತ್ತಿಲ್ಲ.” ಒಳ್ಳೆಯವರು. ಆದರೆ ಅವತ್ತು ಅಷ್ಟು ಒಳ್ಳೆಯತನದ ಮೇಲೂ ನನಗೆ ಸಿಟ್ಟಿತ್ತು. ಗೊತ್ತಿದೆ ಅಂತ ಒಬ್ಬರಾದರೂ ಹೇಳಬಾರದಿತ್ತೇ?

ಹುಳವನ್ನು ಸರಿ ಮಾಡಿದೆ. ಹಿರಿಯರನ್ನು ತೆಗೆದು ಅವ್ವನನ್ನು ವಾಪಸ್ ಕೂರಿಸಿದೆ. ಸಂಕಿರಣದ ವೆಬ್‌ಸೈಟಲ್ಲಿದ್ದ ಫಾರಂನಲ್ಲಿ ಹೆಸರು, ಹುದ್ದೆ, ಸಂಸ್ಥೆ ಅಂತ ಮೂರು ಖಾನೆ. ಭಾನುಪ್ರಿಯ ಆರ್. ಟೈಪಿಸ್ಟ್. ಮೂರನೇ ಖಾನೆಗೆ ಇಕ್ರಾ “ಫಕ್ರುದ್ದೀನ್ ವಿಶ್ವವಿದ್ಯಾಲಯ ಅಂತ ಹಾಕೇ” ಅಂದಳು. ನಗು ಬರಲಿಲ್ಲ. ಜೆರಾಕ್ಸ್ ಅಂಗಡಿ, ಚನ್ನಪಟ್ಟಣ ಅಂತ ಬರೆದು ಐದೂ ಹತ್ತಕ್ಕೆ ಕಳಿಸಿದೆ.

ನಾಲ್ಕು ದಿನ ಬಿಟ್ಟು ಫೋನ್ ಬಂತು. ಸಂಪಾದಕ ಸಮಿತಿಯವರಂತೆ, ವಯಸ್ಸಾದ ದನಿ.

“ನೋಡಮ್ಮ, ಇದೇ ಲೇಖನ ಮನೋಹರ್ ಅವರಿಂದಲೂ ಬಂದಿದೆ. ಐದೂ ಐವತ್ತಕ್ಕೆ, ಕೈಬರಹದ್ದನ್ನೇ ಸ್ಕ್ಯಾನ್ ಮಾಡಿ ಕಳಿಸಿದ್ದಾರೆ. ನೀವು ಅವರ ಟೈಪಿಸ್ಟ್ ಅಂತಾರೆ.”

“ಟೈಪಿಸ್ಟ್ ಹೌದು ಸಾರ್. ಅವರ ಟೈಪಿಸ್ಟ್ ಅಲ್ಲ.”

“ಇಬ್ಬರ ಹೆಸರೂ ಹಾಕಿಬಿಟ್ರೆ ಸಲೀಸಾಗುತ್ತಲ್ಲ?”

“ಇಲ್ಲ ಸಾರ್. ಒಂದೇ ಹೆಸರು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಕಾದಂಬರಿ ಮುಂದಿಟ್ಟು ಕೇಳಿ. ಯಾರು ಓದಿದ್ದಾರೆ ಅಂತ ನಿಮಗೇ ಗೊತ್ತಾಗುತ್ತೆ.”

ಆ ಕಡೆ ಹಾಳೆ ತಿರುವಿದ ಸದ್ದಾಯಿತು. ಆಮೇಲೆ, “ಗುರುವಾರ ಹನ್ನೊಂದಕ್ಕೆ ಸಮಿತಿ ಸೇರುತ್ತೆ. ಅವರೂ ಇರ್ತಾರೆ. ಆದ್ರೆ ನಿಮಗೆ ಎಲ್ಲರ ಎದುರು ಮಾತಾಡೋಕಾಗುತ್ತಾ? ತುಂಬಾ ನಾಚಿಕೆ ಹುಡುಗಿ, ಬರಲ್ಲ ಬಿಡಿ, ಅಂತ ಹೇಳಿದ್ರು ಅವರು.”

“ಬತ್ತೀನಿ ಅಂತ ಹೇಳಿ ಸಾರ್ ಅವರಿಗೆ,” ಅಂದೆ.